ಸಂತರಿಗೆ ಯಾಕೆ ಬೇಡಿಕೊಳ್ಳುತ್ತೀರಿ, ನೇರವಾಗಿ ದೇವರನ್ನೇ ಕೇಳಬಾರದಾ?

ಕೇಳಬಹುದು. ನಾನೂ ದಿನಾ ಕೇಳುತ್ತೇನೆ. ಆದರೆ ‘ಕ್ಯಾಥೊಲಿಕರಾಗಿ ನಿಮಗೆ ಸ್ವಂತಕ್ಕೆ ಸಂತರಿಂದ ಏನು ಸಿಕ್ಕಿದೆ?’ ಅಂತಲೂ ನೀವು ನನಗೆ ಬರೆದು ಕೇಳಿದ್ದೀರಿ. ನನ್ನ ಮಟ್ಟಿಗೆ ಅದಕ್ಕೆ ಉತ್ತರ ಒಬ್ಬ ತಾಯಿ, ಸಂತ ಮೋನಿಕಾ.

ಮೊದಲು ‘ಸಂತರ ಪೂಜೆ’ ಅಂತ ನೀವು ಬರೆದಿದ್ದರ ಬಗ್ಗೆ ಒಂದು ಮಾತು. ಆರಾಧನೆ ದೇವರೊಬ್ಬನಿಗೇ. ಸಂತರಿಗೆ ಕೊಡುವುದು ಗೌರವ. ಸಂತರ ಚಿತ್ರ, ಪ್ರತಿಮೆಗಳಿಗೆ ಗೌರವ ಕೊಡಬಹುದೇ ಎಂಬ ಜಗಳ ಜೋರಾಗಿದ್ದಾಗ, 787ರಲ್ಲಿ, ಎರಡನೇ ನೈಸಿಯ ಮಹಾಸಭೆ (ಬಿಷಪ್‌ಗಳ ದೊಡ್ಡ ಸಭೆ) ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು. ನನಗೆ ಮಾತ್ರ ಇದು ತಲೆಗೆ ಹೋಗಿದ್ದು ಸಂತರ ಹೆಸರುಗಳನ್ನು ಸಾಲಾಗಿ ಹೇಳುವ ಪ್ರಾರ್ಥನೆಯಿಂದ. ಅದರಲ್ಲಿ ದೇವರಿಗೆ ‘ದಯೆ ತೋರಿ’ ಅನ್ನುತ್ತೇವೆ. ಸಂತರಿಗೆ ‘ನಮಗಾಗಿ ಪ್ರಾರ್ಥಿಸಿ’ ಅನ್ನುತ್ತೇವೆ. ಕಷ್ಟ ಬಂದಾಗ ಗೆಳತಿಗೆ ‘ನನಗೋಸ್ಕರ ಒಂಚೂರು ಬೇಡಿಕೋ’ ಅನ್ನೋದಿಲ್ವಾ, ಹಾಗೆ. ಈ ಗೆಳೆಯರು ತೀರಿಹೋಗಿದ್ದರೂ ದೇವರ ಬಳಿ ಬದುಕಿದ್ದಾರೆ ಅಂತ ನಂಬುತ್ತೇವೆ, ಅಷ್ಟೇ.

ಈಗ ಮೋನಿಕಾ. ನಾಲ್ಕನೇ ಶತಮಾನದ ಉತ್ತರ ಆಫ್ರಿಕಾದವಳು. ಮಗ ಅಗಸ್ಟೀನ್ ಮಹಾ ಬುದ್ಧಿವಂತ. ಅಮ್ಮನ ಕ್ರೈಸ್ತ ನಂಬಿಕೆ ಬಿಟ್ಟು ಬೇರೆ ಪಂಥ ಸೇರಿದ. ಒಂದು ದಿನ ರೋಮ್‌ಗೆ ಹೊರಟ. ಅವಳು ಬಿಡಲಿಲ್ಲ, ಬೆನ್ನು ಹತ್ತಿ ಕಡಲ ದಡದವರೆಗೂ ಬಂದಳು. ಇವನು ಸುಳ್ಳು ಹೇಳಿ ತಪ್ಪಿಸಿಕೊಂಡು, ರಾತ್ರೋರಾತ್ರಿ ಹಡಗು ಹತ್ತಿಬಿಟ್ಟ. ಆ ರಾತ್ರಿಯೆಲ್ಲ ಅವಳು ಅಲ್ಲೇ ಹತ್ತಿರದಲ್ಲಿ, ಮಗ ಹೋಗದಿರಲಿ ಅಂತ ಅಳುತ್ತಾ ಪ್ರಾರ್ಥಿಸುತ್ತಿದ್ದಳು. ಬೆಳಿಗ್ಗೆ ನೋಡಿದರೆ ಹಡಗಿಲ್ಲ.

ಕಥೆಯ ಕೊನೆ ಎಲ್ಲರಿಗೂ ಗೊತ್ತು. ಅವಳೂ ಕಡಲು ದಾಟಿ ಹಿಂದೆ ಹೋದಳು. 387ರಲ್ಲಿ, ಮೂವತ್ತು ದಾಟಿದ ಮೇಲೆ, ಮಗ ಮಿಲಾನ್‌ನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ. ಅದೇ ವರ್ಷ ಅವಳು ತೀರಿಕೊಂಡಳು. ಪ್ರವಚನಗಳಲ್ಲಿ ಜಾಸ್ತಿ ಕೇಳಿಬರುವುದು ಈ ಭಾಗವೇ. ನನಗೆ ಬೇಕಾಗಿರುವುದು ಆ ಬೆಳಿಗ್ಗೆ.

ನನ್ನ ತಮ್ಮ ಮನೆಯವರ ಜೊತೆ ಮಾತು ಬಿಟ್ಟು ಆರು ವರ್ಷ ಆಯ್ತು. ‘ದೇವರ ಮೇಲೆ ಭಾರ ಹಾಕು’ ಅಂತ ಎಲ್ಲರೂ ಹೇಳಿದರು. ಸರಿಯಾದ ಮಾತೇ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಅದರಿಂದ ಏನೂ ಆಗುತ್ತಿರಲಿಲ್ಲ. ಕೇಳಿದ್ದು ಸಿಗದೆ ಇದ್ದ ದಿನವೂ ಮತ್ತೆ ಮೊಣಕಾಲೂರಿದ ಒಬ್ಬಳು ನನಗಿಂತ ಮುಂಚೆ ಇದ್ದಳು ಅನ್ನೋದು ನೆನಪಾದಾಗ ಮಾತ್ರ ಉಸಿರಾಡಿದ ಹಾಗಾಗುತ್ತಿತ್ತು. ಅವಳ ಹತ್ತಿರ ಏನನ್ನೂ ವಿವರಿಸಬೇಕಾಗಿಲ್ಲ. ‘ಅಮ್ಮಾ, ನಿನಗೆ ಗೊತ್ತಲ್ಲ’ ಅಂದರೆ ಸಾಕು.

ಎಲ್ಲ ಸಂತರ ಜೊತೆ ಇಂಥ ಸಲುಗೆ ಇಲ್ಲ, ಬಿಡಿ. ಕಳೆದುಹೋದದ್ದನ್ನು ಹುಡುಕಿಕೊಡುತ್ತಾರೆ ಅಂತ ನಾವು ನಂಬುವ ಸಂತ ಅಂತೋಣಿಯವರ ನೆನಪು ಬರೋದು ಬೀಗದ ಕೈ ಕಳೆದಾಗ ಮಾತ್ರ. ಫ್ರಾನ್ಸಿನ ಲಿಸ್ಯೂ ಊರಿನ ಸನ್ಯಾಸಿನಿ, ಸಂತ ತೆರೇಸಾ ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದರಂತೆ. ಅದನ್ನು ಅವರೇ ಬರೆದುಕೊಂಡಿದ್ದಾರೆ. ಓದಿದ ದಿನ ನನಗೆ ಎಷ್ಟು ಸಮಾಧಾನ ಆಯ್ತು ಅಂತೀರಿ!

ಆಗಸ್ಟ್ 27 ಮೋನಿಕಾ ಹಬ್ಬ. ಮರುದಿನವೇ ಮಗನದು, ಮುಂದೆ ಅವನೂ ಸಂತನಾದ. ಪ್ರತಿ ವರ್ಷ 27ಕ್ಕೆ ತಮ್ಮನಿಗೆ ಒಂದು ಸಾಲಿನ ಮೆಸೇಜ್ ಕಳಿಸುತ್ತೇನೆ. ಉಪದೇಶ ಏನಿಲ್ಲ, ಸುಮ್ನೆ ‘ಚೆನ್ನಾಗಿದ್ದೀಯಾ?’ ಅಂತ. ಹೋದ ವರ್ಷ ಮೊದಲ ಸಲ ತೆರೆದು ಓದಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.