ಷಿಕಾಗೊದ ಗ್ರೀಕ್‌ಟೌನ್‌ನಲ್ಲಿ ಈಗ ಗ್ರೀಕರ ಮನೆಗಳೇ ಕಡಿಮೆ, ಆದರೂ ಅದು ಗ್ರೀಕರ ಬೀದಿಯಾಗಿ ಉಳಿದಿದ್ದು ಹೇಗೆ?

ಮನೆಗಳು ಹೋದವು, ಹೋಟೆಲುಗಳು ಉಳಿದವು. ಅಷ್ಟೇ ಕಾರಣ.

ಮೊದಲು ಗ್ರೀಕರು ವಾಸವಿದ್ದದ್ದು ಹಾಲ್‌ಸ್ಟೆಡ್ ಮತ್ತು ಹ್ಯಾರಿಸನ್ ರಸ್ತೆಗಳು ಸೇರುವ ಕಡೆ. 1950-60ರ ದಶಕಗಳಲ್ಲಿ ಅಲ್ಲಿ ಹೆದ್ದಾರಿ ಬಂತು, ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಬಂದು ಕೇರಿಯ ಬಹುಭಾಗ ನೆಲಸಮವಾಯಿತು. ಎಷ್ಟೋ ಕುಟುಂಬಗಳು ನಗರದ ಬೇರೆ ಬಡಾವಣೆಗಳಿಗೆ, ಹೊರವಲಯಕ್ಕೆ ಹೋದವು. ಅಂಗಡಿ, ಹೋಟೆಲಿನವರು ಮಾತ್ರ ಅದೇ ಹಾಲ್‌ಸ್ಟೆಡ್ ರಸ್ತೆಯಲ್ಲಿ ಸ್ವಲ್ಪ ಉತ್ತರಕ್ಕೆ ಸರಿದು ಮತ್ತೆ ಬಾಗಿಲು ತೆರೆದರು, ಪೇಟೆಯ ನಡುಭಾಗ ಹತ್ತಿರ ಇದ್ದದ್ದರಿಂದ ಗ್ರೀಕರಲ್ಲದ ಗಿರಾಕಿಗಳೂ ಜಾಸ್ತಿ ಸಿಕ್ಕರು.

ಅವರನ್ನು ಸೆಳೆದದ್ದರಲ್ಲಿ ಸಗನಾಕಿ ಅನ್ನುವ ಗ್ರೀಕ್ ತಿನಿಸಿನ ಪಾಲು ದೊಡ್ಡದು. ಕರಿದ ಚೀಸ್ ತುಂಡಿನ ಮೇಲೆ ಬ್ರಾಂದಿ ಸುರಿದು, ನಿಮ್ಮ ಮೇಜಿನ ಪಕ್ಕದಲ್ಲೇ ಬೆಂಕಿ ಹಚ್ಚಿ, 'ಓಪಾ!' ಅಂತ ಕೂಗಿ, ನಿಂಬೆರಸ ಹಿಂಡಿ ಆರಿಸುತ್ತಾರೆ. ಹೀಗೆ ಉರಿಸಿ ಬಡಿಸುವುದು 1968ರಲ್ಲಿ ಇದೇ ಬೀದಿಯ ಪಾರ್ಥೆನಾನ್ ಹೋಟೆಲಿನಲ್ಲಿ ಶುರುವಾಯಿತು ಎನ್ನುತ್ತಾರೆ. ಆ ಹೋಟೆಲು 2016ರಲ್ಲಿ ಮುಚ್ಚಿತು, ಬೇಜಾರಿನ ವಿಷಯ.

ಬರೀ ಊಟ ಅಂದುಕೊಳ್ಳಬೇಡಿ. 2011ರಿಂದ ಗ್ರೀಕರ ಇತಿಹಾಸ, ಸಂಸ್ಕೃತಿಯನ್ನು ತೋರಿಸುವ ನ್ಯಾಷನಲ್ ಹೆಲೆನಿಕ್ ಮ್ಯೂಸಿಯಂ ಈ ರಸ್ತೆಯ ಹೊಸ ಕಟ್ಟಡದಲ್ಲಿದೆ, ಗ್ರೀಸ್ ಸ್ವಾತಂತ್ರ್ಯೋತ್ಸವದ ಮೆರವಣಿಗೆಯೂ ಇಲ್ಲೇ ಸಾಗುತ್ತದೆ. ದೂರದ ಬಡಾವಣೆಗಳ ಗ್ರೀಕರು ಅವತ್ತು ಮಕ್ಕಳುಮರಿ ಸಮೇತ ಬರುತ್ತಾರೆ.