ಸಣ್ಣ ದೂರದರ್ಶಕ, ಹಳೆಯ ಕ್ಯಾಮೆರಾ ಇವೆ: ನೀಹಾರಿಕೆಗಳ ಚಿತ್ರ ತೆಗೆಯಲು ಎಲ್ಲಿಂದ ಶುರು ಮಾಡಲಿ?

ನೀವು ಕೇಳಿರುವುದು ಇಷ್ಟು: 130 ಮಿ.ಮೀ. ಕನ್ನಡಿ, 650 ಮಿ.ಮೀ. ಸಂಗಮದೂರದ (ಫೋಕಲ್ ಲೆಂತ್) ನ್ಯೂಟನ್ ಮಾದರಿಯ ದೂರದರ್ಶಕ ಕೊಂಡಿದ್ದೀರಿ. ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಇದೆ, ಬೆಂಗಳೂರಿನಲ್ಲಿ ಒಂದು ತಾರಸಿ ಇದೆ. ಓರಾಯನ್ ನೀಹಾರಿಕೆ, ಆಂಡ್ರೊಮಿಡಾ ಗ್ಯಾಲಕ್ಸಿಗಳ ಬಣ್ಣದ ಚಿತ್ರ ತೆಗೆಯಬೇಕು. ಮುಂದೆ ಏನು ಕೊಳ್ಳಬೇಕು? ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ಬೇಕೇ?

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ದೂರದರ್ಶಕದಲ್ಲಿ ಚಂದ್ರನನ್ನೂ ಶನಿಯನ್ನೂ ಕಣ್ಣಾರೆ ನೋಡಿ ಸಂತೋಷಪಡಿ. ಚಿತ್ರಕ್ಕೆ ಮಾತ್ರ ಈ ಚಳಿಗಾಲ ಪೂರ್ತಿ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಒಂದು ಗಟ್ಟಿ ಟ್ರೈಪಾಡ್ ಸಾಕು. ನನಗೂ ಹಿರಿಯ ಹವ್ಯಾಸಿಯೊಬ್ಬರು ಹೀಗೆಯೇ ಹೇಳಿದ್ದರು. ದುಡ್ಡು ಕೊಟ್ಟು ತಂದ ದೂರದರ್ಶಕವನ್ನು ಮೂಲೆಗಿಡುವುದೇ ಎಂದುಕೊಂಡು ನಾನು ಅವರ ಮಾತು ಕೇಳಲಿಲ್ಲ. ಎರಡು ಚಳಿಗಾಲ ಹಾಳಾದವು.

ಕಾರಣ ಒಂದು ಸಣ್ಣ ಲೆಕ್ಕದಲ್ಲಿದೆ. ಭೂಮಿ ತಿರುಗುವುದರಿಂದ ಆಕಾಶ ಪ್ರತಿ ಸೆಕೆಂಡಿಗೆ 15 ಆರ್ಕ್ ಸೆಕೆಂಡ್‌ನಷ್ಟು ಪಶ್ಚಿಮಕ್ಕೆ ಸರಿಯುತ್ತದೆ (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್ ಸೆಕೆಂಡ್). ಕ್ಯಾಮೆರಾದ ಒಂದು ಪಿಕ್ಸೆಲ್‌ಗೆ ಆಕಾಶದ ಎಷ್ಟು ಅಗಲ ಬೀಳುತ್ತದೆ ಎಂದು ತಿಳಿಯಲು, ಪಿಕ್ಸೆಲ್‌ನ ಅಳತೆಯನ್ನು ಮೈಕ್ರಾನ್‌ನಲ್ಲಿ ಹಿಡಿದು 206ರಿಂದ ಗುಣಿಸಿ, ಸಂಗಮದೂರದ ಮಿಲಿಮೀಟರುಗಳಿಂದ ಭಾಗಿಸಿ. ಸಾಮಾನ್ಯ 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್‌ನಲ್ಲಿ ಪಿಕ್ಸೆಲ್ ಸುಮಾರು 3.7 ಮೈಕ್ರಾನ್. ನಿಮ್ಮ ದೂರದರ್ಶಕಕ್ಕೆ ಉತ್ತರ ಸುಮಾರು 1.2 ಆರ್ಕ್ ಸೆಕೆಂಡ್, 50 ಮಿ.ಮೀ. ಲೆನ್ಸಿಗೆ ಸುಮಾರು 15. ಅಂದರೆ ಲೆನ್ಸಿನಲ್ಲಿ ನಕ್ಷತ್ರ ಒಂದು ಪಿಕ್ಸೆಲ್ ಜಾರುವಷ್ಟರಲ್ಲಿ ದೂರದರ್ಶಕದಲ್ಲಿ ಹನ್ನೆರಡು ಹದಿಮೂರು ಪಿಕ್ಸೆಲ್ ಜಾರಿ ಗೆರೆಯಾಗಿರುತ್ತದೆ. ಆ ಜಾರಾಟವನ್ನು ತಡೆಯಲು ಮೋಟಾರು ಬೇಕು, ಮೋಟಾರಿನ ಅಕ್ಷ ಧ್ರುವಕ್ಕೆ ನೇರವಾಗಿರಬೇಕು, ಹಲ್ಲುಚಕ್ರಗಳು ಸಮನಾಗಿ ತಿರುಗಬೇಕು, ಗಾಳಿಗೆ ಕೊಳವೆ ಅಲುಗಬಾರದು. ಸಣ್ಣ ದೂರದರ್ಶಕಗಳ ಜೊತೆಗೆ ಬರುವ ತೆಳ್ಳಗಿನ ಮೌಂಟು ಇವುಗಳಲ್ಲಿ ಒಂದನ್ನೂ ಸರಿಯಾಗಿ ಮಾಡುವುದಿಲ್ಲ. ಈ ಹವ್ಯಾಸದಲ್ಲಿ ದುಡ್ಡು ಹೋಗುವುದು ಕನ್ನಡಿಗಲ್ಲ, ಅದನ್ನು ಹೊರುವ ಮೌಂಟಿಗೆ.

ಇನ್ನೊಂದು ತಪ್ಪು ಕಲ್ಪನೆ ನನಗೂ ಇತ್ತು: ದೂರದ್ದೆಲ್ಲ ಚಿಕ್ಕದು, ಆದ್ದರಿಂದ ಹಿಗ್ಗಿಸಬೇಕು ಎಂಬುದು. ಆಂಡ್ರೊಮಿಡಾ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ ನಿಜ, ಆದರೆ ಆಕಾಶದಲ್ಲಿ ಅದರ ಉದ್ದ ಸುಮಾರು 3 ಡಿಗ್ರಿ. ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು! ನಿಮ್ಮ ಕ್ಯಾಮೆರಾವನ್ನು ಆ ದೂರದರ್ಶಕಕ್ಕೆ ಸಿಕ್ಕಿಸಿದರೆ ಕಾಣುವ ಅಗಲವೇ 2 ಡಿಗ್ರಿ. ಗ್ಯಾಲಕ್ಸಿ ಚೌಕಟ್ಟಿನ ಹೊರಗೆ ಚೆಲ್ಲುತ್ತದೆ. ನಗರದಲ್ಲಿ ಅದು ಕಣ್ಣಿಗೆ ಕಾಣದಿರುವುದು ಚಿಕ್ಕದೆಂದಲ್ಲ, ಮಂಕಾಗಿದೆಯೆಂದು.

ನನ್ನ ಮೊದಲ ಚಳಿಗಾಲದ ಕಥೆ ಇನ್ನೂ ತಮಾಷೆಯದು. ಕ್ಯಾಮೆರಾ ಜೋಡಿಸಿದೆ, ಫೋಕಸ್ ಕೂಡಲಿಲ್ಲ. ಫೋಕಸರ್ ಪೂರ್ತಿ ಒಳಗೆ ಹೋದರೂ ನಕ್ಷತ್ರಗಳು ಉದ್ದಿನವಡೆಯಂತೆ ನಡುವೆ ತೂತಿನೊಂದಿಗೆ ಊದಿಕೊಂಡೇ ಇದ್ದವು. ನೋಡಲಿಕ್ಕೆಂದೇ ಮಾಡಿದ ಎಷ್ಟೋ ಸಣ್ಣ ನ್ಯೂಟನ್ ದೂರದರ್ಶಕಗಳಲ್ಲಿ ಬಿಂಬ ಕೂಡುವ ಜಾಗ ಫೋಕಸರಿಗೆ ತೀರಾ ಹತ್ತಿರವಿರುತ್ತದೆ. ಡಿಎಸ್‌ಎಲ್‌ಆರ್‌ನ ಸಂವೇದಕವೋ ಅದರ ಹೊಟ್ಟೆಯೊಳಗೆ ಸುಮಾರು 45 ಮಿ.ಮೀ. ಆಳದಲ್ಲಿ ಕುಳಿತಿರುತ್ತದೆ. ಬಿಂಬ ಅಲ್ಲಿಯವರೆಗೆ ತಲುಪುವುದೇ ಇಲ್ಲ. ಮಾರಿದವರು ಇದನ್ನು ಹೇಳಿರಲಿಲ್ಲ, ಬಹುಶಃ ಅವರಿಗೂ ಗೊತ್ತಿರಲಿಲ್ಲ. ಬಾರ್ಲೋ ಲೆನ್ಸ್ (ಬಿಂಬವನ್ನು ಹಿಗ್ಗಿಸುವ ಹೆಚ್ಚುವರಿ ಲೆನ್ಸ್) ಹಾಕಿದರೆ ಫೋಕಸ್ ಕೂಡುತ್ತದೆ, ಆದರೆ ಸಂಗಮದೂರ ಇಮ್ಮಡಿಯಾಗಿ ಜಾರಾಟವೂ ಇಮ್ಮಡಿ. ಕೊನೆಗೆ ಕನ್ನಡಿಯ ಹಿಂದಿನ ತಿರುಪುಗಳನ್ನು ಉದ್ದನೆಯವಕ್ಕೆ ಬದಲಿಸಿ ಕನ್ನಡಿಯನ್ನೇ ಮೇಲಕ್ಕೆ ಎತ್ತಿದೆ. ನಿಮ್ಮದರಲ್ಲೂ ಇದೇ ಗತಿಯೇ ಎಂದು ಹಗಲಿನಲ್ಲೇ ದೂರದ ಮೊಬೈಲ್ ಟವರಿಗೆ ಗುರಿಯಿಟ್ಟು ಪರೀಕ್ಷಿಸಿ. ಸೂರ್ಯನ ಕಡೆಗೆ ಮಾತ್ರ ತಿರುಗಿಸಬೇಡಿ.

ಈಗ 50 ಮಿ.ಮೀ. ಲೆನ್ಸಿನ ಕೆಲಸ. ಗೋಡೆಯ ಕ್ಯಾಲೆಂಡರ್ ನೋಡಿ ಅಮಾವಾಸ್ಯೆಯ ಆಸುಪಾಸಿನ ಶನಿವಾರ ಹಿಡಿಯಿರಿ. (ಅಮಾವಾಸ್ಯೆಯ ರಾತ್ರಿ ಹೊರಗೆ ಹೋಗಬೇಡ ಎಂದು ನನ್ನ ಅಮ್ಮ ಈಗಲೂ ಗದರಿಸುತ್ತಾರೆ, ಆಮೇಲೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿ ಕೊಡುತ್ತಾರೆ.) ನಗರದಿಂದ ಆಚೆ ಹೋಗಲು ಸಾಧ್ಯವಾದರೆ ಹೋಗಿ. ನಾನು ಪಾವಗಡದ ಕಡೆಯ ನಮ್ಮ ಹಳ್ಳಿಗೆ ಹೋಗುತ್ತೇನೆ. ಮಳೆ ಬಾರದ ಊರು ಎಂದು ಅಜ್ಜಿ ಶಪಿಸುತ್ತಿದ್ದ ಊರು ಅದು; ನನ್ನ ಕೆಲಸಕ್ಕೆ ಅದೇ ವರವಾಯಿತು. ಕ್ಯಾಮೆರಾವನ್ನು ರಾ (ಸಂಸ್ಕರಿಸದ) ಕಡತಕ್ಕೆ ಇಡಿ, ಐಎಸ್‌ಒ 1600, ಅಪರ್ಚರ್ 2.8, ಎಕ್ಸ್‌ಪೋಷರ್ 4 ಸೆಕೆಂಡ್. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ: ಲೈವ್ ವ್ಯೂನಲ್ಲಿ ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಕೈಯಿಂದಲೇ ತಿರುಗಿಸಿ, ಆಮೇಲೆ ಲೆನ್ಸಿಗೆ ಒಂದು ಚೂರು ಟೇಪ್ ಅಂಟಿಸಿ. ಮಹಾವ್ಯಾಧನ (ಓರಾಯನ್) ಕತ್ತಿಗೆ ಗುರಿಯಿಟ್ಟು 300 ಚಿತ್ರ ತೆಗೆಯಿರಿ. ಆಕಾಶ ಸರಿಯುವುದರಿಂದ ಐದೈದು ನಿಮಿಷಕ್ಕೊಮ್ಮೆ ಕ್ಯಾಮೆರಾವನ್ನು ಮತ್ತೆ ನಡುವಿಗೆ ತನ್ನಿ. ಕೊನೆಯಲ್ಲಿ, ಕ್ಯಾಮೆರಾ ಇನ್ನೂ ತಣ್ಣಗಿರುವಾಗಲೇ, ಲೆನ್ಸಿಗೆ ಮುಚ್ಚಳ ಹಾಕಿ ಅದೇ 4 ಸೆಕೆಂಡಿನ ಮೂವತ್ತು ಕತ್ತಲೆಯ ಚಿತ್ರ. ಬೆಳಗಾಗುತ್ತಿದ್ದಂತೆ ಲೆನ್ಸಿನ ಮೇಲೆ ಬಿಳಿ ಪಂಚೆಯನ್ನು ಸುಕ್ಕಿಲ್ಲದಂತೆ ಹೊದಿಸಿ ಆಕಾಶಕ್ಕೆ ಹಿಡಿದು ಇನ್ನು ಮೂವತ್ತು. ಮೊದಲನೆಯವು ಸಂವೇದಕದ ದೋಷವನ್ನು ಕಳೆಯುತ್ತವೆ, ಎರಡನೆಯವು ಮೂಲೆಗಳ ಮಬ್ಬನ್ನೂ ಧೂಳಿನ ಕಲೆಗಳನ್ನೂ.

ಮನೆಗೆ ಬಂದು ಇವನ್ನೆಲ್ಲ ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್ ತಂತ್ರಾಂಶಕ್ಕೆ ಉಣಿಸಿ; ಎರಡೂ ಉಚಿತ. ಅವು ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯುತ್ತವೆ. ಸಂತೆಯ ಗದ್ದಲದಲ್ಲಿ ಒಬ್ಬನ ಮಾತನ್ನು ನೂರು ಸಲ ಕೇಳಿಸಿಕೊಂಡಂತೆ ಇದು: ಮಾತು ಪ್ರತಿ ಸಲವೂ ಅದೇ, ಗದ್ದಲ ಪ್ರತಿ ಸಲವೂ ಬೇರೆ. 4 ಚಿತ್ರ ಸೇರಿಸಿದರೆ ಗದ್ದಲ ಅರ್ಧಕ್ಕಿಳಿಯುತ್ತದೆ, 100 ಸೇರಿಸಿದರೆ ಹತ್ತನೆಯ ಒಂದು ಭಾಗಕ್ಕೆ. ಎಲ್ಲ ಮುಗಿದ ಮೇಲೆ ಪರದೆಯ ಮೇಲೆ ಬರುವುದು ಬಹುಮಟ್ಟಿಗೆ ಕಪ್ಪು ಚೌಕ. ಗಾಬರಿಯಾಗಬೇಡಿ. ನನ್ನ ಮೊದಲ ಮೂರು ರಾತ್ರಿಗಳ ಫಲವನ್ನು ಈ ಕಪ್ಪು ಚೌಕ ನೋಡಿಯೇ ಅಳಿಸಿಬಿಟ್ಟಿದ್ದೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನೀಹಾರಿಕೆ ಅದರೊಳಗೇ ಇರುತ್ತದೆ, ಹಿಸ್ಟೋಗ್ರಾಮಿನ (ಕತ್ತಲೆ ಬೆಳಕಿನ ಹಂಚಿಕೆಯ ನಕ್ಷೆಯ) ಎಡತುದಿಯಲ್ಲಿ ಮುದುಡಿಕೊಂಡು. ಅದನ್ನು ಸ್ವಲ್ಪಸ್ವಲ್ಪವಾಗಿ ಬಲಕ್ಕೆ ಎಳೆದಾಗ ಗುಲಾಬಿ ಮೋಡ ಮೇಲೇಳುತ್ತದೆ.

ಇಷ್ಟು ಕೈಗೆ ಹತ್ತಿದ ಮೇಲೆ ಆಕಾಶವನ್ನು ಹಿಂಬಾಲಿಸುವ ಯಂತ್ರದ ಮಾತು. ಸಣ್ಣ ಸ್ಟಾರ್ ಟ್ರ್ಯಾಕರ್ ಕೊಳ್ಳಬಹುದು. ಕೈಕೆಲಸ ಇಷ್ಟವಿದ್ದರೆ ಎರಡು ಹಲಗೆ, ಒಂದು ಬಾಗಿಲ ಕೀಲು ಸಾಕು. ಕೀಲಿನಿಂದ 228.5 ಮಿ.ಮೀ. ದೂರದಲ್ಲಿ 1 ಮಿ.ಮೀ. ಪಿಚ್ಚಿನ (ಒಂದು ಸುತ್ತಿಗೆ ಅಷ್ಟು ಮುಂದೆ ಸರಿಯುವ) ತಿರುಪು ಹಾಕಿ ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳುತ್ತದೆ. ನನ್ನದನ್ನು ಮಾಡಿಕೊಟ್ಟ ಬಡಗಿ, ಆ ಅರ್ಧ ಮಿಲಿಮೀಟರ್ ಯಾಕೆ ಎಂದು ಇನ್ನೂ ಕೇಳುತ್ತಿದ್ದಾರೆ.

ಯಾವ ಯಂತ್ರವಾದರೂ ಅಕ್ಷ ಧ್ರುವಕ್ಕೆ ಮುಖ ಮಾಡಬೇಕು. ಇಲ್ಲಿ ನಮಗೊಂದು ತೊಡಕಿದೆ. ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿ ಕಾಣುತ್ತದೆಂಬುದು ಊರಿನ ಅಕ್ಷಾಂಶದಷ್ಟೇ. ಬೆಂಗಳೂರಿನಲ್ಲಿ 13 ಡಿಗ್ರಿ. ಪಕ್ಕದ ಮನೆಯ ನೀರಿನ ಟ್ಯಾಂಕು ಸಾಕು ಅದನ್ನು ಮರೆಮಾಡಲು. ಆಗ ದಿಕ್ಸೂಚಿಯಿಂದ ಅಂದಾಜು ಮಾಡಿ, ದಕ್ಷಿಣದಲ್ಲಿ ನೆತ್ತಿಗೆರೆಯ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ಗೆರೆ) ಬಳಿ, ಖಗೋಳ ಸಮಭಾಜಕದ (ಭೂಮಿಯ ಸಮಭಾಜಕವನ್ನು ಆಕಾಶಕ್ಕೆ ಚಾಚಿದ ಗೆರೆ) ಹತ್ತಿರವಿರುವ ಒಂದು ನಕ್ಷತ್ರವನ್ನು ಕೆಲವು ನಿಮಿಷ ಗಮನಿಸಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಪೂರ್ವ ದಿಗಂತದ ಬಳಿಯ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಾಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಬೇಸರದ ಕೆಲಸ, ಆದರೆ ಟ್ಯಾಂಕಿನ ಹಂಗಿಲ್ಲ.

ತೊಡಕಿಗೆ ಪ್ರತಿಯಾಗಿ ದಕ್ಷಿಣದಲ್ಲಿ ನಮಗೆ ಒಂದು ಸಂಪತ್ತೇ ಇದೆ. ಏಪ್ರಿಲ್–ಮೇ ರಾತ್ರಿಗಳಲ್ಲಿ ಒಮೆಗಾ ಸೆಂಟಾರಿ ನಮಗೆ ಸುಮಾರು 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛ ಅದು, ಚಂದ್ರನಷ್ಟು ಅಗಲ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ. ನೀಹಾರಿಕೆಯಂತೆ ಮಂಕು ಮೋಡವಲ್ಲ, ಚುಕ್ಕೆಗಳ ರಾಶಿ. ಆದ್ದರಿಂದ ದಕ್ಷಿಣ ದಿಗಂತ ತೆರೆದಿದ್ದರೆ ನಗರದ ತಾರಸಿಯಿಂದಲೂ ಸಿಗುತ್ತದೆ. ನಿಮ್ಮ 130 ಮಿ.ಮೀ. ಕನ್ನಡಿಗೆ ಮೊದಲ ಗುರಿ ಅದೇ ಆಗಲಿ. ಆಮೇಲೆ ಹೇಗೂ ಜೂನ್ ಬರುತ್ತದೆ, ಸೆಪ್ಟೆಂಬರ್‌ವರೆಗೆ ಮೋಡ. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಎತ್ತಿಡಿ.

ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ಬಗ್ಗೆ ಕೇಳಿದ್ದಿರಿ. ಹಳೆಯ ಮಾದರಿಯವು ಸೋಡಿಯಂ ದೀಪದ ಹಳದಿಯನ್ನು ತಡೆಯಲೆಂದು ಮಾಡಿದವು; ಈಗಿನ ಬಿಳಿ ಎಲ್‌ಇಡಿ ಎಲ್ಲ ಬಣ್ಣಗಳಲ್ಲೂ ಹರಡಿಕೊಂಡಿದೆ, ದುಡ್ಡು ದಂಡ. ಜಲಜನಕದ 656 ನ್ಯಾನೋಮೀಟರ್ ಕೆಂಪನ್ನೂ ಆಮ್ಲಜನಕದ 501ರ ಹಸಿರನ್ನೂ ಮಾತ್ರ ಬಿಡುವ ಫಿಲ್ಟರುಗಳು ಅನಿಲ ನೀಹಾರಿಕೆಗಳಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಗ್ಯಾಲಕ್ಸಿಗೂ ಕೃತ್ತಿಕೆಯ ನೀಲಿ ಮಬ್ಬಿಗೂ ಅವು ಉಪಯೋಗವಿಲ್ಲ. ಅಲ್ಲದೆ ಮಾರ್ಪಡಿಸದ ಡಿಎಸ್‌ಎಲ್‌ಆರ್‌ನ ಒಳಗಿನ ಗಾಜೇ ಆ ಕೆಂಪಿನ ಬಹುಪಾಲನ್ನು ನುಂಗಿಬಿಡುತ್ತದೆ. ಫಿಲ್ಟರಿನ ದುಡ್ಡನ್ನು ಕತ್ತಲಿರುವ ಊರಿಗೆ ಹೋಗುವ ಬಸ್ಸಿಗೆ ಹಾಕಿ.

ನಿಮ್ಮ ಕ್ಯಾಮೆರಾದ ಮಾದರಿಯನ್ನೂ, ತಾರಸಿಯಿಂದ ಯಾವ ದಿಕ್ಕು ತೆರೆದಿದೆ ಎಂಬುದನ್ನೂ ಬರೆಯಿರಿ. ಅದರ ಮೇಲೆ ಯಾವ ತಿಂಗಳು ಏನು ಸಿಗುತ್ತದೆಂದು ಹೇಳುತ್ತೇನೆ.