'ಬೆಣ್ಣೆ' ಬದಲು 'ಓಪನ್': ಉಗ್ಗನ್ನು ಬಚ್ಚಿಟ್ಟ ಯುವಕನ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ವಯಸ್ಸು 24. ದಾವಣಗೆರೆ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ರೈತರಿಗೆ ಫೋನ್ ಮಾಡಿ ಮೆಕ್ಕೆಜೋಳದ ರೇಟು ಹೇಳುವುದನ್ನೂ ಮಾಲೀಕರು ಒಪ್ಪಿಸಿದಾಗ ಸಲಹೆಗೆ ಬಂದರು. ಅರ್ಧ ಗಂಟೆಯಲ್ಲಿ ಉಗ್ಗಿದ್ದು ಎರಡೇ ಸಲ. ಪ, ಬ, ಮ ಎದುರಾದ ಕೂಡಲೇ ಪದವನ್ನೇ ಬದಲಿಸುತ್ತಿದ್ದರು! ಹೋಟೆಲಿನಲ್ಲಿ 'ಬೆಣ್ಣೆ' ಬಾಯಿಗೆ ಬಾರದೆ ವರ್ಷಗಟ್ಟಲೆ 'ಓಪನ್' ದೋಸೆಯನ್ನೇ ಕೇಳಿದ್ದಾರೆ. ಸ್ವಂತ ಹೆಸರಿಗೆ ಬದಲಿ ಪದವಿಲ್ಲ. 'ಮ'ದಿಂದ ಶುರುವಾಗುವ ಅದು ಫೋನಿನಲ್ಲಿ ತುಟಿಗೇ ಅಂಟಿಕೊಳ್ಳುತ್ತಿತ್ತು.

ಭಜನೆಯಲ್ಲಿ ತಡೆಯುವುದಿಲ್ಲವಾದ್ದರಿಂದ ಇದು ಬರೀ ಅಂಜಿಕೆ ಎಂದು ಮನೆಯವರ ತೀರ್ಮಾನ. ಹಾಗಲ್ಲ. ಹಾಡುವಾಗ, ಗುಂಪಿಗೆ ದನಿಗೂಡಿಸುವಾಗ ಉಗ್ಗುವವರಲ್ಲಿ ಬಹುಪಾಲು ಮಂದಿಗೆ ಮಾತು ಸರಾಗ. ಮಿದುಳು ಮಾತಿನ ಚಲನೆಗಳನ್ನು ಹೊಂದಿಸುವ ಬಗೆಯಲ್ಲೇ ಉಗ್ಗಿನ ಮೂಲವಿದೆ, ಅಂಜಿಕೆ ಆಮೇಲೆ ಸೇರಿಕೊಂಡದ್ದು.

ಮೊದಲ ವಾರ ಮಾತು ತಿದ್ದುವ ಗೋಜಿಗೇ ಹೋಗಲಿಲ್ಲ. ಪದ ಬದಲಿಸಿದಾಗೆಲ್ಲ ಜೇಬಿನ ಚೀಟಿಯಲ್ಲಿ ಒಂದು ಗೀಟು, ಅಷ್ಟೇ. ನಂತರ ದಿನಕ್ಕೆ 10 ನಿಮಿಷ ಕನ್ನಡಿ ಮುಂದೆ: 'ಬೆಣ್ಣೆ' ಎನ್ನುವಾಗ ಬೇಕೆಂದೇ ತುಟಿ ಬಿಗಿಹಿಡಿದು, ಬಿಗಿಯನ್ನು ಅರ್ಧಕ್ಕಿಳಿಸಿ, ಕೊನೆಗೆ ತುಟಿ ತಾಗಿಯೂ ತಾಗದಂತಿರುವಾಗ ದನಿ ಬಿಡುವುದು. ಮಾತಿನ ನಡುವೆ ಸಿಕ್ಕಿಕೊಂಡರೆ ಆ ಪದ ಮುಗಿಸಿ, 3 ಸೆಕೆಂಡ್ ನಿಂತು, ಸಡಿಲ ತುಟಿಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಬೇಕು. ಸ್ವತಃ ಉಗ್ಗುತ್ತಿದ್ದ ಅಮೆರಿಕದ ವಾಕ್ ತಜ್ಞ ಚಾರ್ಲ್ಸ್ ವ್ಯಾನ್ ರೈಪರ್ ರೂಢಿಗೆ ತಂದ ಕ್ರಮವಿದು. ಆ 3 ಸೆಕೆಂಡ್ ನಿಲ್ಲುವುದೇ ಕಷ್ಟ, ಇವರೂ ಹಾರಿಸಿಬಿಡುತ್ತಿದ್ದರು. ನಿಲ್ಲದಿದ್ದರೆ ಹಳೇ ಬಿಗಿಯೇ ಮರಳುತ್ತದೆ.

ಮಾತಿಗೆ ಮೊದಲು ದೊಡ್ಡ ಉಸಿರೆಳೆದು ಹಿಡಿಯುವುದನ್ನು ಬಿಡಿಸಿದೆವು. ಉಸಿರು ಹಿಡಿದರೆ ಗಂಟಲೂ ಮುಚ್ಚಿಕೊಳ್ಳುತ್ತದೆ. ಪದ ಹೊರಡಲೆಂದು ತೊಡೆ ತಟ್ಟುವ ಉಪಾಯ ಫಲಿಸುವುದು ನಾಲ್ಕೇ ದಿನ. ಆಮೇಲೆ ಉಗ್ಗಿನ ಜೊತೆಗೆ ತಟ್ಟುವ ಚಟವೂ ಅಂಟುತ್ತದೆ.

ಮೂರನೇ ವಾರದಿಂದ ದಿನಕ್ಕೆ 5 ಕಡೆ ಬೇಕೆಂದೇ ಉಗ್ಗುವುದು: "ಬ-ಬ-ಬೆಣ್ಣೆ ದೋಸೆ ಒಂದು." ತಾನೇ ತೋರಿಸಿಕೊಂಡ ಮೇಲೆ ಬಚ್ಚಿಡುವುದೇನು? ಫೋನಿನ ಮೊದಲ ಮಾತೂ ಹೀಗೆ: "ಅಣ್ಣಾ, ನನಗೆ ಉಗ್ಗು ಐತಿ, ಸ್ವಲ್ಪ ತಡ ಆಗುತ್ತೆ, ಲೈನಲ್ಲೇ ಇರ್ರಿ." 'ತಪ್ಪು ತಿಳೀಬೇಡಿ' ಎಂದು ಸೇರಿಸಕೂಡದು, ಇಲ್ಲಿ ತಪ್ಪು ಯಾರದ್ದೂ ಅಲ್ಲ. ಮೊದಲು ಪರಿಚಯದ ಮೂವರಿಗೆ, ಬಳಿಕ ಉಳಿದವರಿಗೆ.

'ನಿಧಾನಕ್ಕೆ ಹೇಳು' ಅನ್ನಬೇಡಿ, ಪದ ಮುಗಿಸಿಕೊಡಬೇಡಿ ಎಂದು ಇವರ ಅಣ್ಣನಿಗೂ ಹೇಳಿದೆವು.

ಯಾರ್ಡಿಗೆ ಆವಕ ಏರಿದ ವಾರ ಗೀಟುಗಳೂ ಏರಿದವು. ಆಗ ಉಳಿದ ಅಭ್ಯಾಸ ಬಿಟ್ಟು ಬೇಕೆಂದೇ ಉಗ್ಗುವುದೊಂದನ್ನೇ ಉಳಿಸಿಕೊಂಡೆವು. ತುಟಿಯ ಬಿಗಿಯ ಪರೀಕ್ಷೆಗೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೆ ಚೀಟಿ ಬರೆದುಕೊಟ್ಟಿದ್ದೇವೆ. ಹೆಸರು ಹೇಳುವಾಗ ಈಗಲೂ ತಡೆಯುತ್ತದೆ, ಆದರೆ ರೇಟು ಹೇಳದೆ ಫೋನ್ ಇಡುವುದಿಲ್ಲ.